ಸೈನಿಕ ಶಾಲೆ ಪರೀಕ್ಷೆಯಲ್ಲಿ 300ಕ್ಕೆ 186: ವಿಜಯಪುರದಲ್ಲಿ ಸೀಟು ಸಿಗುತ್ತದಾ?

ಅಕ್ಕಾ, ಜಮಖಂಡಿಯಲ್ಲಿ ಐದನೇ ತರಗತಿ ಓದುತ್ತಿರುವ ನಿಮ್ಮ ಮಗನಿಗೆ 186 ಬಂದಿದೆ, ಪಾಸಾಗಿದ್ದಾನೆ, ಆದರೂ ಸೀಟು ಖಚಿತವಲ್ಲ ಅಂತಾರೆ, ಯಾಕೆ ಎಂದು ಕೇಳಿದ್ದೀರಿ.

ಸಾಮಾನ್ಯ ವರ್ಗಕ್ಕೆ ಪ್ರತಿ ವಿಷಯದಲ್ಲಿ ಶೇ. 25, ಒಟ್ಟು ಶೇ. 40 ಬಂದರೆ ಅರ್ಹತೆ ಅಷ್ಟೇ. ಸೀಟು ಸಿಗುವುದು ರ್‍ಯಾಂಕ್ ಮೇಲೆ. ಗಣಿತವೊಂದಕ್ಕೇ 150 ಅಂಕ ಇರುವುದರಿಂದ ಅಲ್ಲೇ ಅಂತರ ಬೀಳುತ್ತದೆ. ಹೋದ ವರ್ಷ ಇಷ್ಟಕ್ಕೆ ಸಿಕ್ಕಿತ್ತು ಅನ್ನುವ ಮಾತು ನಂಬಿ ಕೂರಬೇಡಿ. ಪ್ರತಿ ವರ್ಷ, ಪ್ರತಿ ವರ್ಗಕ್ಕೂ ಕಟ್ ಆಫ್ ಬೇರೆ ಇರುತ್ತದೆ. ಶೇ. 67 ಸೀಟು ನಮ್ಮ ರಾಜ್ಯದ ಮಕ್ಕಳಿಗೇ ಇವೆ, ಅದು ಒಳ್ಳೆಯದೇ.

ನೀವು 3ಬಿ ಪ್ರಮಾಣಪತ್ರ ಇದೆ ಅಂದಿದ್ದೀರಿ. ದಯವಿಟ್ಟು ಇದನ್ನು ಇವತ್ತೇ ನೋಡಿ. ರಾಜ್ಯದ 2ಎ, 3ಬಿ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಇಲ್ಲಿ ನಡೆಯುವುದು ಕೇಂದ್ರದ್ದು. ನಿಮ್ಮ ಜಾತಿ ಅದರಲ್ಲಿ ಇದ್ದರೆ ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರ್ ಕಚೇರಿಯಿಂದ ಪತ್ರ ತೆಗೆಸಿ. ಎಷ್ಟೋ ಮಕ್ಕಳು ಅಂಕ ಇದ್ದೂ ಇಲ್ಲೇ ಸಿಕ್ಕಿಬೀಳುತ್ತಾರೆ, ಕರುಳು ಚುರುಕ್ ಅನ್ನುತ್ತದೆ.

ಇ-ಕೌನ್ಸೆಲಿಂಗ್‌ಗೆ, ಅಂದರೆ ಆನ್‌ಲೈನ್‌ನಲ್ಲಿ ಶಾಲೆ ಆರಿಸಿಕೊಂಡು ಸೀಟು ಪಡೆಯುವ ಕ್ರಮಕ್ಕೆ, ನೀವೇ ಬೇರೆಯಾಗಿ ನೋಂದಣಿ ಮಾಡಬೇಕು. ವಿಜಯಪುರ ಒಂದನ್ನೇ ಹಾಕಬೇಡಿ, ಕೊಡಗಿನ ಕೂಡಿಗೆ ಶಾಲೆಯನ್ನೂ ಸೇರಿಸಿ. ಆಮೇಲೆ ವೈದ್ಯಕೀಯ ಪರೀಕ್ಷೆ ಇರುತ್ತದೆ. ಈಗಲೇ ಒಮ್ಮೆ ಕಣ್ಣು, ಕಿವಿ ತೋರಿಸಿಬಿಡಿ.

ನವೋದಯ ಪರೀಕ್ಷೆಯನ್ನೂ ಬರೆದಿದ್ದಾನಾ? ಅಲ್ಲಿ ಪೈಪೋಟಿ ಜಿಲ್ಲೆಯೊಳಗೆ ಮಾತ್ರ, ಹಳ್ಳಿ ಮಕ್ಕಳಿಗೆ ಕನಿಷ್ಠ ಶೇ. 75 ಸೀಟು. ಬರೆದಿದ್ದರೆ ಆ ಫಲಿತಾಂಶಕ್ಕೂ ಕಾಯಿರಿ. ಎರಡೂ ಆಗದಿದ್ದರೆ ಒಂಬತ್ತನೇ ತರಗತಿಗೆ ಎರಡರಲ್ಲೂ ಮತ್ತೆ ಪ್ರವೇಶ ಪರೀಕ್ಷೆ ಇದೆ. ಸೈನಿಕ ಶಾಲೆಯದ್ದು ಆಗ ಇಂಗ್ಲಿಷ್‌ನಲ್ಲಿ ಮಾತ್ರ.