ನಿಮ್ಮ ಪಿಶಾಚಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ

ನಮಸ್ಕಾರ.

ನೀವು ಕಳಿಸಿದ ಚಿತ್ರಕಥೆ ಓದಿದೆ. ಪತ್ರಿಕೆಯಲ್ಲಿ ಹಾಕುತ್ತೀರಾ ಎಂದು ಕೇಳಿದ್ದೀರಿ. ಈಗಿರುವ ಹಾಗೆ ಹಾಕುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನಾ ನೋಡಿ. ಮಂಡ್ಯದ ಹತ್ತಿರ ಒಂದು ಹಳ್ಳಿ. ಮೀಟರ್ ಬಡ್ಡಿಯವನ ಕಾಟಕ್ಕೆ ಅಪ್ಪ ಸಾಯುತ್ತಾನೆ. ಎದುರು ಮಾತಾಡಿದ ಮಗಳನ್ನು ಅವನ ಕಡೆಯವರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ತಳ್ಳುತ್ತಾರೆ. ಅವಳು ರಕ್ತ ಕುಡಿಯುವ ಪಿಶಾಚಿಯಾಗಿ ಎದ್ದು ಬಂದು ಐದು ಜನರನ್ನು ಮುಗಿಸುತ್ತಾಳೆ. ಎಂಟು ಲಕ್ಷ ರೂಪಾಯಿ, ಗೆಳೆಯರ ಕ್ಯಾಮೆರಾ, ಹದಿನೈದು ದಿನದ ಶೂಟಿಂಗ್.

ಮೊದಲು ಆಲೆಮನೆ ದೃಶ್ಯದ ಮಾತು. ಅದೊಂದಕ್ಕೇ ನಾನು ನಿಮ್ಮನ್ನು ಬಿಡುತ್ತಿಲ್ಲ. ನಡುರಾತ್ರಿ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ, ಒಬ್ಬ ಒಲೆಗೆ ಒಣಗಿದ ಸಿಪ್ಪೆ ತುರುಕುತ್ತಿದ್ದಾನೆ, ಇನ್ನೊಬ್ಬ ಮೇಲೆ ಬಂದ ನೊರೆ ತೆಗೆದು ಚೆಲ್ಲುತ್ತಿದ್ದಾನೆ. ಅವಳು ಬಂದು ನಿಲ್ಲುತ್ತಾಳೆ. ಹೊಗೆ ಕಾಣುತ್ತದೆ, ಘಮ ಬರುವುದಿಲ್ಲ. ತಾತ ಯಾರೋ ಊರ ಹುಡುಗಿ ಅಂದುಕೊಂಡು ಅಂಗೈಗೆ ಬಿಸಿ ಬೆಲ್ಲ ಹಾಕುತ್ತಾನೆ, ಅವಳು ಬಾಯಿಗೆ ಇಟ್ಟುಕೊಂಡು ಮಣ್ಣು ತಿಂದವಳ ಹಾಗೆ ಉಗಿಯುತ್ತಾಳೆ. ಒಂದೂ ಮಾತಿಲ್ಲ. ತಾನು ಸತ್ತಿದ್ದೇನೆ ಎಂದು ಅವಳಿಗೆ ಗೊತ್ತಾಗುವುದು ಅಲ್ಲಿ. ಜೊತೆಗೆ ಒಲೆಯ ಬೆಂಕಿಯೇ ಲೈಟು, ಬಾಡಿಗೆ ಇಲ್ಲ! ಕಡಿಮೆ ದುಡ್ಡಿನ ಸಿನಿಮಾ ಗೆಲ್ಲುವುದು ಇಂಥ ಕಡೆ.

ಅದರ ಮುಂದಿನ ದೃಶ್ಯದಲ್ಲೇ ಹಾಳು ಮಾಡಿದ್ದೀರಿ. ರೊಮೇನಿಯಾದ ಕೋಟೆ, ದೇವರಾಜ ಮಾರುಕಟ್ಟೆಗೆ ಬಂದ ವಿದೇಶಿ ಪ್ರವಾಸಿ, ಅವನು ಕಚ್ಚಿದ್ದು, ಅವಳಿಗೆ ಸೋಂಕು ತಗುಲಿದ್ದು, ಹಿನ್ನೆಲೆ ದನಿಯಲ್ಲಿ ಎರಡು ಪುಟ. ಯಾರು ಕೇಳಿದರು? ಕಿತ್ತು ಹಾಕಿ. ಗ್ರಾಫಿಕ್ಸ್ ಬಾವಲಿಗಳೂ ಹೋಗಲಿ. ರಕ್ತ ಕುಡಿಯುವ ಬಾವಲಿ ಇರುವುದು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗೆ ಮಾತ್ರ. ನಮ್ಮೂರ ಮರದಲ್ಲಿ ನೇತಾಡುವ ದೊಡ್ಡ ಬಾವಲಿ ಹಣ್ಣು ತಿನ್ನುವ ಪಾಪದ ಪ್ರಾಣಿ.

ಇನ್ನು ನಿಜವಾದ ತೊಂದರೆ. ನಿಮ್ಮ ನಾಯಕಿಗೆ ಯಾವ ಅಡ್ಡಿಯೂ ಇಲ್ಲ. ಹಾರುತ್ತಾಳೆ, ಗೋಡೆ ಒಡೆಯುತ್ತಾಳೆ, ಗುಂಡು ತಾಗುವುದಿಲ್ಲ, ಅಂದಮೇಲೆ ಐದನೆಯವನೂ ಸಾಯುತ್ತಾನೆ ಎಂದು ಮೊದಲನೆಯವನು ಸತ್ತಾಗಲೇ ಗೊತ್ತಾಗುತ್ತದಲ್ಲ, ಮತ್ತೆ ನಾನು ಯಾಕೆ ಕೂತು ನೋಡಲಿ? ಇರುವ ಒಂದೇ ಕಟ್ಟಳೆ ಬಿಸಿಲು ಬಿದ್ದರೆ ಸುಟ್ಟುಹೋಗುವುದು. ಅದಕ್ಕಾಗಿ 48 ದೃಶ್ಯದಲ್ಲಿ 41 ರಾತ್ರಿಗೆ ಇಟ್ಟಿದ್ದೀರಿ, ಜನರೇಟರ್ ಬಾಡಿಗೆ ಲೆಕ್ಕ ಹಾಕಿದ್ದೀರಾ? ಆ ಬಿಸಿಲಿನ ಕಟ್ಟಳೆ ಶಾಸ್ತ್ರವೇನಲ್ಲ. 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ರಕ್ತ ಕುಡಿಯುವ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಬೆಳಕಿಗೆ ಸಾಯುವುದನ್ನು ತಂದದ್ದು 1922ರ ‘ನೊಸ್ಫೆರಾಟು’ ಎಂಬ ಜರ್ಮನ್ ಮೂಕಿ ಚಿತ್ರ. ಒಬ್ಬ ಸಿನಿಮಾದವನು ಹುಟ್ಟಿಸಿದ್ದನ್ನು ಇನ್ನೊಬ್ಬ ಸಿನಿಮಾದವನು ಬಿಡಬಹುದು, ಅಲ್ವಾ?

ಅದೇ ಕಾದಂಬರಿಯಲ್ಲಿ ನಿಮಗೆ ಬೇಕಾದ ಬೇರೆ ಎರಡು ಕಟ್ಟಳೆ ಇವೆ. ಒಂದು, ಹರಿಯುವ ನೀರನ್ನು ಅವನು ಬೇಕೆಂದಾಗ ದಾಟಲಾರ. ನಿಮ್ಮ ಊರಿಗೂ ಬಡ್ಡಿಯವನ ಮನೆಗೂ ನಡುವೆ ನಾಲೆಯನ್ನು ನೀವೇ ಇಟ್ಟಿದ್ದೀರಿ, ಅವಳು ಸತ್ತಿದ್ದೂ ಅದರಲ್ಲೇ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸುವ ನಾಲೆ ಅದು. ನೀರು ನಿಂತ ದಿನಗಳಲ್ಲಿ ಮಾತ್ರ ಅವಳು ಈಚೆ ಬರಬಲ್ಲಳು ಅನ್ನಿ, ಕೆಆರ್‌ಎಸ್‌ನಿಂದ ನೀರು ಬಿಡ್ತಾರಾ ಇಲ್ವಾ ಎಂದು ಬಡ್ಡಿಯವನೂ ರೈತರ ಹಾಗೆ ಪೇಪರ್ ನೋಡುತ್ತಾ ಕೂರಲಿ.

ಎರಡು, ಒಳಗಿನವರು ಕರೆಯದೆ ಅವನು ಮೊದಲ ಸಲ ಮನೆಯೊಳಗೆ ಬರಲಾರ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಬಾಗಿಲುಗಳ ಮೇಲೆ ಬರೆದಿರುತ್ತಿದ್ದ ‘ನಾಳೆ ಬಾ’. ಗೊತ್ತಿರುವವರ ದನಿಯಲ್ಲಿ ಹೆಸರು ಹಿಡಿದು ಕರೆಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮತ್ತೆ ಮಾರನೇ ದಿನ ಬರುತ್ತದೆ. ಈಗ ನಿಮ್ಮ ಮೂರನೇ ದೃಶ್ಯ ತೆಗೆದು ನೋಡಿ. ಬಡ್ಡಿಯವನು ಬಾಗಿಲಿಗೆ ಬಂದಾಗ ಅವ್ವ ಏನನ್ನುತ್ತಾಳೆ? ‘ನಾಳೆ ಬನ್ನಿ ಅಣ್ಣ.’ ನೀವೇ ಬರೆದಿದ್ದೀರಿ, ಬರೆದು ಹಾಗೇ ಮುಂದೆ ಹೋಗಿಬಿಟ್ಟಿದ್ದೀರಿ! ನಮ್ಮ ಕಡೆ ಅಂಥವನನ್ನು ರಕ್ತ ಹೀರುವವನು ಎಂದೇ ಬಯ್ಯುವುದು. ಅವನು ದೆವ್ವದ ಭಯಕ್ಕೆ ತನ್ನ ಬಾಗಿಲ ಮೇಲೆ ಅದೇ ಮಾತು ಬರೆಸಿಕೊಳ್ಳಲಿ. ಅವಳು ಗೋಡೆ ಒಡೆಯುವುದು ಬೇಡ. ಹೊರಗೆ ನಿಂತು ‘ಅಣ್ಣೋ, ಅಪ್ಪನ ಬಾಕಿ ತಂದಿವ್ನಿ’ ಅನ್ನಲಿ. ಬರುವ ದುಡ್ಡಿಗೆ ನಾಳೆ ಬಾ ಎಂದು ಅವನ ಬಾಯಲ್ಲಿ ಬರುತ್ತದಾ? ‘ಒಳಿಕ್ಕೆ ಬಾ’ ಎಂದು ಅವನೇ ಅನ್ನುತ್ತಾನೆ.

ಸಂಭಾಷಣೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ನಿನ್ನ ಅಂತ್ಯ ಸಮೀಪಿಸಿದೆ, ಪಾಪಿ’ ಎಂದು ಮಂಡ್ಯದಲ್ಲಿ ನಾಟಕದ ಸ್ಟೇಜಿನ ಮೇಲೆ ಬಿಟ್ಟರೆ ಯಾರೂ ಅನ್ನುವುದಿಲ್ಲ. ‘ಮುಗೀತು ಕಣ್ಲಾ ನಿನ್ ಕತೆ’ ಸಾಕು. ಕೋರೆಹಲ್ಲು ಕಟ್ಟಿಕೊಂಡು ಉದ್ದ ಮಾತಾಡಿದರೆ ತೊದಲುತ್ತದೆ ಬೇರೆ. ರಕ್ತಕ್ಕೆ ಜೋನಿ ಬೆಲ್ಲ, ಕೆಂಪು ಬಣ್ಣ ಕಲಸುತ್ತೇವೆ ಎಂದು ಬರೆದಿದ್ದೀರಿ, ಒಳ್ಳೆ ಉಪಾಯ, ನಾಲ್ಕು ಟೇಕ್ ಆಗುವಷ್ಟರಲ್ಲಿ ಇರುವೆ ಮುತ್ತುತ್ತವೆ, ಹುಷಾರು.

ಪೂರ್ತಿ ತಿದ್ದಲು ಹೋಗಬೇಡಿ. ಆಲೆಮನೆ ದೃಶ್ಯ ಮುಟ್ಟದೆ, ಬಾಗಿಲಿನ ದೃಶ್ಯ ಹೊಸದಾಗಿ ಬರೆದು ಅವೆರಡನ್ನೇ ಕಳಿಸಿ. ಮತ್ತೆ ದಯವಿಟ್ಟು ಪುಟ ಸಂಖ್ಯೆ ಹಾಕಿ. ಮೊನ್ನೆ ಫ್ಯಾನ್ ಗಾಳಿಗೆ ನಿಮ್ಮ ಹಾಳೆಗಳು ಹಾರಿ ಕಲಸಿಹೋಗಿ, ಮೂರನೆಯವನು ಎರಡನೆಯವನಿಗಿಂತ ಮೊದಲೇ ಸತ್ತಿದ್ದ. ನನಗೆ ಅದು ಗೊತ್ತಾಗಿದ್ದು ಕೊನೆ ಪುಟದಲ್ಲಿ.