ಮೂಳೆಯ ಬಾಣದ ಮೊನೆ: ತಯಾರಿಯ ಬಗೆ, ಗುರುತಿಸುವ ಬಗೆ

ಪ್ರಶ್ನೆ: ಶಿಲಾಯುಗದವರು ಲೋಹದ ಉಪಕರಣವಿಲ್ಲದೆ ಮೂಳೆಯಿಂದ ಬಾಣದ ಮೊನೆಯನ್ನು ಹೇಗೆ ಮಾಡುತ್ತಿದ್ದರು? ಉತ್ಖನನದಲ್ಲಿ ಸಿಕ್ಕ ಚೂಪಾದ ಮೂಳೆ ಬಾಣದ್ದೇ, ತೊಗಲು ಹೊಲಿಯುವ ದಬ್ಬಳವಲ್ಲ ಎಂದು ಹೇಗೆ ತಿಳಿಯುತ್ತದೆ?

ಉತ್ತರ: ಎಲ್ಲಕ್ಕಿಂತ ಮುಖ್ಯವಾದುದು ಮೂಳೆಯ ಹಸಿತನ. ಹಸಿ ಮೂಳೆಯಲ್ಲಿ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು ಖನಿಜಾಂಶದೊಂದಿಗೆ ಹೆಣೆದುಕೊಂಡಿರುವುದರಿಂದ ಅದು ಪೆಟ್ಟನ್ನು ತಾಳಿಕೊಳ್ಳುತ್ತದೆ. ಬಿಸಿಲಿಗೆ ಬಿದ್ದು ಒಣಗಿದ ಹಳೆಯ ಮೂಳೆಯಾದರೋ ಬೇಗ ಬಿರುಕು ಬಿಡುತ್ತದೆ. ಕೈಕಾಲುಗಳ ಉದ್ದನೆಯ ಮೂಳೆಯಲ್ಲಿ ಕೀಲಿನ ಭಾಗಗಳನ್ನು ಬಿಟ್ಟು ನಡುವಿನ ಗಟ್ಟಿ ಭಾಗವನ್ನು ಕಲ್ಲಿನಿಂದ ಹೊಡೆದು ಸೀಳುತ್ತಿದ್ದರು, ಇಲ್ಲವೇ ಕಲ್ಲಿನ ಅಲಗಿನಿಂದ ಉದ್ದಕ್ಕೆ ಎರಡು ಗೀರುಗಳನ್ನು ಆಳವಾಗಿ ಕೊರೆದು ನಡುವಿನ ಪಟ್ಟಿಯನ್ನು ಎಬ್ಬಿಸಿ ತೆಗೆಯುತ್ತಿದ್ದರು. ಆ ಸೀಳನ್ನು ಕಲ್ಲಿನ ಚಕ್ಕೆಯಿಂದ ಹೆರೆದು, ಮರಳುಗಲ್ಲಿನ ಮೇಲೆ ಮಸೆದರೆ ಮೊನೆ ಸಿದ್ಧವಾಗುತ್ತಿತ್ತು. ಹೆರೆದ ಗುರುತುಗಳು ಮೂಳೆಯ ಉದ್ದಕ್ಕೂ, ಮಸೆದ ಗುರುತುಗಳು ಸಾಮಾನ್ಯವಾಗಿ ಓರೆಯಾಗಿ ಒತ್ತೊತ್ತಾಗಿ ಮೂಡುವುದರಿಂದ, ಸಾವಿರಾರು ವರ್ಷಗಳ ಬಳಿಕವೂ ಸೂಕ್ಷ್ಮದರ್ಶಕದಲ್ಲಿ ಕೆಲಸದ ಕ್ರಮವನ್ನು ಗುರುತಿಸಬಹುದು.

ನಿಮ್ಮ ಎರಡನೆಯ ಪ್ರಶ್ನೆಗೆ ಆಕಾರವೊಂದೇ ಉತ್ತರ ಕೊಡಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ದಕ್ಷಿಣ ಆಫ್ರಿಕಾದ ಸಿಬುಡು ಗುಹೆಯಲ್ಲಿ ದೊರೆತ, 60,000 ವರ್ಷಗಳಿಗೂ ಹಿಂದಿನ ಮೂಳೆಯ ಮೊನೆಯೊಂದು ಆಫ್ರಿಕಾದ ದಕ್ಷಿಣ ಭಾಗದ ಸಾನ್ ಎಂಬ ಬುಡಕಟ್ಟಿನ ಬೇಟೆಗಾರರ ಬಾಣದ ಮೊನೆಯನ್ನು ಹೋಲುತ್ತದೆ. ಆದರೆ ಹೋಲಿಕೆಗಿಂತ ಬಳಕೆಯ ಗುರುತುಗಳು ಬಲವಾದ ಸಾಕ್ಷ್ಯ. ತೊಗಲನ್ನು ಮತ್ತೆ ಮತ್ತೆ ಚುಚ್ಚಿದ ದಬ್ಬಳದ ತುದಿ ಸವೆದು ನುಣುಪಾಗಿ ಹೊಳೆಯುತ್ತದೆ. ವೇಗವಾಗಿ ಹೋಗಿ ಬಡಿದ ಬಾಣದ ತುದಿ ಮುರಿಯುತ್ತದೆ, ಆ ಮುರಿತದಿಂದ ಸಣ್ಣ ಚಕ್ಕೆ ಮೊನೆಯ ಉದ್ದಕ್ಕೆ ಎದ್ದು ಹೋಗಿರುತ್ತದೆ. ಇದರ ಜೊತೆಗೆ ಬುಡವನ್ನೂ ನೋಡಬೇಕು: ಬಾಣದ ಕಡ್ಡಿಗೆ ದಾರದಿಂದ ಬಿಗಿದು ಕಟ್ಟಿದ್ದರೆ ಅಲ್ಲಿ ಕಚ್ಚುಗಳು ಅಥವಾ ಸವೆತ ಉಳಿಯುತ್ತವೆ.

ಶ್ರೀಲಂಕಾದ ನೈಋತ್ಯದ ಮಳೆಕಾಡಿನಲ್ಲಿರುವ ಫಾ ಹಿಯೆನ್ ಲೇನ ಗುಹೆಯ ಮೊನೆಗಳಲ್ಲಿ ಇಂಥ ಮುರಿತಗಳೂ ಕಟ್ಟಿದ ಗುರುತುಗಳೂ ಇವೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸುಮಾರು 48,000 ವರ್ಷಗಳ ಹಿಂದಿನಿಂದ ಅಲ್ಲಿ ನೆಲೆಸಿದ್ದವರು ಕೋತಿಗಳನ್ನು ಬೇಟೆಯಾಡಿ, ಅವುಗಳ ಮೂಳೆಯಿಂದಲೇ ಮುಂದಿನ ಬೇಟೆಗೆ ಬೇಕಾದ ಮೊನೆಗಳನ್ನು ಮಾಡಿಕೊಳ್ಳುತ್ತಿದ್ದರು. ಕಾಲ ಕಳೆದಂತೆ ಅಲ್ಲಿನ ಮೊನೆಗಳು ಉದ್ದವಾಗುತ್ತ ಬಂದಿವೆ; ಹಂದಿ, ಜಿಂಕೆಗಳಂಥ ದೊಡ್ಡ ಪ್ರಾಣಿಗಳತ್ತಲೂ ಬೇಟೆ ಹೊರಳಿದ್ದನ್ನು ಇದು ಸೂಚಿಸುತ್ತದೆಂದು ಸಂಶೋಧಕರು ವಿವರಿಸಿದ್ದಾರೆ.