ವಿಟ್ಗೆನ್‌ಸ್ಟೈನ್ ಬಡವರ ಮನೆ ಹುಡುಗ ಅಲ್ಲ

ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ ತತ್ವಜ್ಞಾನಿ ಲುಡ್ವಿಗ್ ವಿಟ್ಗೆನ್‌ಸ್ಟೈನ್ ಬಡ ಕುಟುಂಬದವರಾ ಅಂತ ಕೇಳಿದ್ದೀರಿ. ಪೂರ್ತಿ ಉಲ್ಟಾ. ಅಪ್ಪ ಕಾರ್ಲ್ ಆಸ್ಟ್ರಿಯಾದ ದೊಡ್ಡ ಉಕ್ಕಿನ ಉದ್ಯಮಿ, ವಿಯೆನ್ನಾದ ಅವರ ಮನೆಗೆ ಬ್ರಾಹ್ಮ್ಸ್‌ನಂಥ ಸಂಗೀತಗಾರರೇ ಬಂದು ಹೋಗುತ್ತಿದ್ದರು. 1889ರಲ್ಲಿ ಹುಟ್ಟಿದ ಲುಡ್ವಿಗ್ ಮನೆಗೆ ಕೊನೆಯ ಮಗ. 14 ವರ್ಷದವರೆಗೆ ಮನೆಯಲ್ಲೇ ಪಾಠ, ಆಮೇಲೆ ಲಿಂಟ್ಸ್‌ನ ಶಾಲೆ (ಹಿಟ್ಲರ್ ಕೂಡ ಓದಿದ್ದು ಅಲ್ಲೇ!). ದುಡ್ಡು ಬೇಕಾದಷ್ಟಿತ್ತು, ನೆಮ್ಮದಿ ಮಾತ್ರ ಕಾಣೆ. ಮೂವರು ಅಣ್ಣಂದಿರು ಆತ್ಮಹತ್ಯೆ ಮಾಡಿಕೊಂಡರು. ಇನ್ನೊಬ್ಬ ಅಣ್ಣ ಪಾಲ್ ಪಿಯಾನೋ ವಾದಕ, ಮೊದಲ ಮಹಾಯುದ್ಧದಲ್ಲಿ ಬಲಗೈ ಹೋದ ಮೇಲೂ ಬಿಡದೆ ಎಡಗೈ ಒಂದರಲ್ಲೇ ನುಡಿಸಿ ಹೆಸರು ಮಾಡಿದವರು. ನೀವು ಹೇಳುವ ಬಡತನ ಸುಮ್ನೆ ಬಂದದ್ದಲ್ಲ, ಲುಡ್ವಿಗ್ ಅವರೇ ಆರಿಸಿಕೊಂಡದ್ದು. ಯುದ್ಧ ಮುಗಿಸಿ ಬಂದು 1919ರಲ್ಲಿ ತಮ್ಮ ಪಾಲಿನ ಆಸ್ತಿಯನ್ನೆಲ್ಲ ಒಡಹುಟ್ಟಿದವರಿಗೆ ಬರೆದುಕೊಟ್ಟು, ಆಮೇಲೆ ಮೇಷ್ಟ್ರ ಕೆಲಸಕ್ಕೆ ಹೋದರು.